ಇಂಡೊನೇಷ್ಯಾಕ್ಕೆ ಹೊರಟವರಿಗೆ ದೊಡ್ಡಪ್ಪನ ಕಿವಿಮಾತು

ತಮ್ಮನ ಮಗಳಿಗೂ ಅಳಿಯಂದಿರಿಗೂ ಯಲಹಂಕದಿಂದ ದೊಡ್ಡಪ್ಪನ ಆಶೀರ್ವಾದ. ಮೊದಲು ಕೆಲವು ದಿನ ಬಾಲಿ, ಅಲ್ಲಿಂದ ಅಳಿಯಂದಿರ ಹೊಸ ಕೆಲಸಕ್ಕೆ ಜಕಾರ್ತಾ ಅಂತ ನಿಮ್ಮಪ್ಪ ಹೇಳಿದ. ಟಿಕೆಟ್ಟು, ಹೋಟೆಲು, ವೀಸಾ ಎಲ್ಲ ನೀವೇ ಮೊಬೈಲಿನಲ್ಲಿ ಮುಗಿಸಿಕೊಂಡಿದ್ದೀರಿ. ಅದರಲ್ಲಿ ನನ್ನ ಬುದ್ಧಿ ಓಡುವುದೂ ಇಲ್ಲ. ನಡವಳಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ, ಕೇಳಿಸಿಕೊಳ್ಳಿ.

ನಾನು ಪೀಣ್ಯದ ಇಸ್ಟ್ರಾಕ್, ಅಂದರೆ ರಾಕೆಟ್ಟು-ಉಪಗ್ರಹಗಳ ಜಾಡು ಹಿಡಿಯುವ ಇಸ್ರೊ ಕೇಂದ್ರದಲ್ಲಿ ದುಡಿದು ನಿವೃತ್ತನಾದವನು ಅನ್ನುವುದು ನಿಮಗೆ ಗೊತ್ತು. ಇಂಡೊನೇಷ್ಯಾದ ಪೂರ್ವದ ತುದಿಗೆ, ಪಪುವಾ ಕಡೆ, ಬಿಯಾಕ್ ಅಂತ ಒಂದು ದ್ವೀಪ. ಅಲ್ಲಿ ಇಸ್ರೊದ ನೆಲೆ ಇದೆ. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರಿದ ರಾಕೆಟ್ಟು ನಮ್ಮ ತೀರದ ಆಂಟೆನಾಗಳಿಗೆ ಮರೆಯಾದ ಮೇಲೆ ಅದರ ಸುದ್ದಿ ಅಂಥ ನೆಲೆಗಳಿಂದಲೇ ಪೀಣ್ಯಕ್ಕೆ ಬರಬೇಕು. ಅದೇ ಸ್ನೇಹದಲ್ಲಿ ಅವರ ಲಾಪಾನ್ ಬಾಹ್ಯಾಕಾಶ ಸಂಸ್ಥೆಯ ಪುಟ್ಟ ಉಪಗ್ರಹಗಳು 2007, 2015, 2016ರಲ್ಲಿ ನಮ್ಮ ಪಿಎಸ್‌ಎಲ್‌ವಿ ಏರಿ ಹೋದವು. ಆ ಕೆಲಸದ ಮೇಲೆ ಹೋಗಿ ಬರುವಾಗ ಕಂಡದ್ದು, ಅಲ್ಲಿನವರು ನಯವಾಗಿ ತಿದ್ದಿ ಹೇಳಿದ್ದು ಇವೆಲ್ಲ.

ನಮ್ಮವರು ಜಪಾನಿಗೋ ಜರ್ಮನಿಗೋ ಹೋದರೆ ಹೆದರಿಕೊಂಡು, ಅಕ್ಕಪಕ್ಕದವರನ್ನು ನೋಡಿಕೊಂಡು ನಡೆಯುತ್ತಾರೆ. ತಪ್ಪು ಕಡಿಮೆ. ಇಂಡೊನೇಷ್ಯಾದಲ್ಲಿ ಹಾಗಲ್ಲ. ಸರ್ಕಾರದ ಲಾಂಛನವೇ ಗರುಡ. ಜಕಾರ್ತಾದ ನಡುರಸ್ತೆಯಲ್ಲಿ ಕೃಷ್ಣಾರ್ಜುನರ ರಥ. ಇದನ್ನೆಲ್ಲ ಕಂಡ ಕೂಡಲೇ ನಮ್ಮವರಿಗೆ ಸೋದರಮಾವನ ಮನೆಗೆ ಬಂದಷ್ಟು ಸಲಿಗೆ ಬಂದುಬಿಡುತ್ತದೆ. ಎಡವುವುದು ಅಲ್ಲೇ. ಬಾಲಿಗೆ ಬರುವ ವಿದೇಶಿಯರಲ್ಲಿ ಆಸ್ಟ್ರೇಲಿಯಾದವರನ್ನು ಬಿಟ್ಟರೆ ಈಚೆಗೆ ನಾವೇ ಹೆಚ್ಚು. ಹಾಗಾಗಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು ಅವರ ಬಾಯಲ್ಲಿ ಮಾತಾಗಿದೆ.

• ಬಾಲಿಯ ದೇವಸ್ಥಾನಕ್ಕೆ ಹೋದಾಗ ನಮ್ಮ ದೇವಸ್ಥಾನದ ಲೆಕ್ಕ ಬಿಟ್ಟುಬಿಡಿ. ಅಲ್ಲಿ ಗರ್ಭಗುಡಿ, ಮಂಗಳಾರತಿ ತಟ್ಟೆ, ದರ್ಶನದ ಕ್ಯೂ ಇರುವುದಿಲ್ಲ. ಒಂದರೊಳಗೊಂದು ತೆರೆದ ಅಂಗಳಗಳು, ತಾಳೆಜಾತಿಯ ನಾರು ಹೊದಿಸಿದ ಎತ್ತರದ ಮೇರುಗಳು, ಮೂರ್ತಿಯೇ ಇಲ್ಲದ ಪದ್ಮಾಸನದ ಪೀಠ. "ದೇವರು ಎಲ್ಲಿ?" ಅಂತ ಹುಡುಕುತ್ತಾ ಒಳಗೊಳಗೆ ನುಗ್ಗಬೇಡಿ. ಒಳಗಿನ ಅಂಗಳ ಪೂಜೆಗೆ ಬಂದವರಿಗೆ ಮಾತ್ರ. ಗಂಡಸಾಗಲಿ ಹೆಂಗಸಾಗಲಿ ಸೊಂಟದಿಂದ ಕೆಳಗೆ ಸರೋಂಗು ಉಟ್ಟು, ಮೇಲೊಂದು ನಡುಪಟ್ಟಿ ಕಟ್ಟಲೇಬೇಕು. ಅದಕ್ಕೆ ಸೆಲೆಂದಾಂಗ್ ಅನ್ನುತ್ತಾರೆ. ಅಳಿಯಂದಿರು ಪಂಚೆ ಉಟ್ಟು ಹೋದರೂ ನಡುಪಟ್ಟಿ ತಪ್ಪಿದ್ದಲ್ಲ. ಬಾಗಿಲಲ್ಲೇ ಕೊಡುತ್ತಾರೆ. ಚಪ್ಪಲಿ ಮಾತ್ರ ಹೆಚ್ಚಿನ ಕಡೆ ಅಂಗಳದವರೆಗೆ ನಡೆಯುತ್ತದೆ. ನಿಮಗೆ ಕಸಿವಿಸಿಯಾದರೆ ನೀವು ಬಿಟ್ಟು ಹೋಗಿ, ಅವರ ಕಾಲನ್ನು ದುರುಗುಟ್ಟಿ ನೋಡಬೇಡಿ.

ಅರ್ಚಕರಿಗಿಂತ, ನೈವೇದ್ಯ ಇಟ್ಟ ಜಾಗಕ್ಕಿಂತ ಎತ್ತರದಲ್ಲಿ ನಿಲ್ಲಬಾರದು. ಫೋಟೊಕ್ಕಾಗಿ ಕಟ್ಟೆ ಹತ್ತುವವರು ಬೈಸಿಕೊಳ್ಳುವುದು ಇದಕ್ಕೇ. ಕೈಮುಗಿದು ಕುಳಿತವರ ಮುಂದೆ ದಾಟಬಾರದು. ಮುಟ್ಟಾದವರು, ಮನೆಯಲ್ಲಿ ಸಾವಿನ ಸೂತಕ ಇರುವವರು ಒಳಗೆ ಬರಬಾರದು ಅಂತ ಬಾಗಿಲಲ್ಲೇ ಬೋರ್ಡು ಇರುತ್ತದೆ. ಇದರ ಬಗ್ಗೆ ನಿನ್ನ ಅಭಿಪ್ರಾಯ ನನಗೆ ಗೊತ್ತು ಮಗಳೇ, ನಮ್ಮ ಮನೆಯಲ್ಲಿ ಆ ವಾದ ಮಾಡಿ ಗೆದ್ದವಳು ನೀನು. ಅಲ್ಲಿ ಹೋಗಿ ಮಾಡಬೇಡ, ಅದು ಅವರ ಹೆಣ್ಣುಮಕ್ಕಳು ಮಾಡಬೇಕಾದ ವಾದ. ಪೂಜೆಗೆ ಕೂರಲು ಅವರೇ ಕರೆದರೆ ಕೂತುಕೊಳ್ಳಿ. ಗಂಡಸರು ಚಕ್ಕಳಮಕ್ಕಳ, ಹೆಂಗಸರು ಮಂಡಿಯೂರಿ. ಬೆರಳ ತುದಿಯಲ್ಲಿ ಹೂ ಹಿಡಿದು ಹಣೆಯ ಮೇಲಕ್ಕೆ ಕೈಮುಗಿಯುತ್ತಾರೆ. ತೀರ್ಥಕ್ಕೆ ಬಲಗೈಯ ಕೆಳಗೆ ಎಡಗೈ. ಕೊನೆಗೆ ನೆನೆದ ಅಕ್ಕಿಕಾಳನ್ನು ಹಣೆಗೆ ಒತ್ತಿಕೊಳ್ಳಬೇಕು. ಅಷ್ಟರಲ್ಲಿ ನಿಮಗೆ ಎಲ್ಲ ಗೊತ್ತಿರುವ ಹಾಗೇ ಅನ್ನಿಸುತ್ತದೆ. ಅನ್ನಿಸಲಿ. ಪಕ್ಕದವರನ್ನು ನೋಡಿಕೊಂಡೇ ಮಾಡಿ.

• ಬೀದಿ, ಅಂಗಡಿ ಮೆಟ್ಟಿಲು, ಟ್ಯಾಕ್ಸಿಯ ಡ್ಯಾಶ್‌ಬೋರ್ಡು, ಎಲ್ಲಿ ನೋಡಿದರೂ ತೆಂಗಿನ ಎಳೆಗರಿಯ ಪುಟ್ಟ ತಟ್ಟೆಗಳಲ್ಲಿ ಹೂವು, ಅನ್ನದ ಕಾಳು, ಊದುಬತ್ತಿ ಇಟ್ಟಿರುತ್ತಾರೆ. ಅದು ಚನಾಂಗ್ ಸಾರಿ, ದಿನದಿನದ ನೈವೇದ್ಯ. ದಾಟಬೇಡಿ, ಸುತ್ತಿ ಹೋಗಿ. ಊದುಬತ್ತಿ ಆರಿದ ಮೇಲೆ ನಾಯಿಯೋ ಕೋಳಿಯೋ ಅದನ್ನು ಕೆದಕುತ್ತಿರುತ್ತದೆ, ಅದಕ್ಕೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಗೊತ್ತಾಗದೆ ಕಾಲು ತಗುಲಿದರೆ ಕೈಮುಗಿದು ಮುಂದೆ ಹೋಗಿ, ದೊಡ್ಡ ರಂಪ ಬೇಡ. ಗೊತ್ತಿದ್ದೂ ಮಾಡುವ ತಮಾಷೆ ಬೇರೆ. 2022ರಲ್ಲಿ ರಷ್ಯಾದ ದಂಪತಿ ತಬಾನಾನ್ ಕಡೆಯ ಒಂದು ಪವಿತ್ರ ಮರದ ಬುಡದಲ್ಲಿ ಬೆತ್ತಲೆ ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದ್ದಕ್ಕೆ ಸರ್ಕಾರ ಅವರನ್ನು ದೇಶದಿಂದಲೇ ಹೊರಗೆ ಹಾಕಿತು.

• ಅವರ ಹಿಂದೂತನಕ್ಕೆ ಮಾರ್ಕ್ಸ್ ಹಾಕಲು ಹೋಗಬೇಡಿ. ಬಾಲಿಯ ಹಬ್ಬದ ನೈವೇದ್ಯದಲ್ಲಿ ಕೋಳಿ, ಬಾತುಕೋಳಿ, ಇಡಿಯಾಗಿ ಸುಟ್ಟ ಹಂದಿ ಇರುತ್ತದೆ. ಅವರ ಗಲುಂಗಾನ್ ಹಬ್ಬ 210 ದಿನಕ್ಕೊಮ್ಮೆ, ಸರಸ್ವತಿ ಪೂಜೆಯೂ 210 ದಿನಕ್ಕೊಮ್ಮೆ. "ನಮ್ಮಲ್ಲಿ ಹೀಗಲ್ಲ, ಶಾಸ್ತ್ರದಲ್ಲಿ ಹೀಗಿದೆ" ಅಂತ ನಮ್ಮವರೊಬ್ಬರು ಉಬುದ್‌ನಲ್ಲಿ ಪಾಠ ಶುರು ಮಾಡಿದ್ದನ್ನು ಕಿವಿಯಾರೆ ಕೇಳಿ ನಾನು ನಾಚಿದ್ದೇನೆ. ಕೇಳುತ್ತಿದ್ದ ಹೋಟೆಲಿನ ಹುಡುಗ ನಗುತ್ತಾ ತಲೆದೂಗಿದ. ಒಪ್ಪಿದ ಅಂತ ಇವರು ತಿಳಿದರು.

• ಇನ್ನು ಜಾವಾ. ದೇಶದ ನೂರಕ್ಕೆ 87 ಮಂದಿ ಮುಸ್ಲಿಮರು. ಜೋಗ್ಜಾ ಅಂದರೆ ಯೋಗ್ಯಕರ್ತಾದ ಹತ್ತಿರ ಒಂಬತ್ತನೇ ಶತಮಾನದ ಪ್ರಂಬಾನಾನ್ ಶಿವಾಲಯದ ಮುಂದೆ ಬಯಲಲ್ಲಿ ರಾಮಾಯಣ ನೃತ್ಯ ನಡೆಯುತ್ತದೆ. ಕುಣಿಯುವವರಲ್ಲಿ ಬಹುಪಾಲು ಮುಸ್ಲಿಮರೇ. ತೊಗಲುಗೊಂಬೆಯವರೂ ಹಾಗೇ, ರಾತ್ರಿಯಿಡೀ ಪಾಂಡವರ ಕಥೆ ಹೇಳಿ ಬೆಳಗಿನ ನಮಾಜಿಗೆ ಹೋಗುತ್ತಾರೆ. "ನೀವು ಮುಸ್ಲಿಮರಾಗಿ ರಾಮಾಯಣ ಹೇಗೆ ಆಡುತ್ತೀರಿ?", "ಮೊದಲು ನೀವೂ ಹಿಂದೂಗಳೇ ಅಲ್ಲವೆ?" ಈ ಎರಡು ಪ್ರಶ್ನೆ ನಮ್ಮವರ ನಾಲಿಗೆ ತುದಿಯಲ್ಲೇ ಇರುತ್ತವೆ. ನುಂಗಿಕೊಳ್ಳಿ. ಅವರಿಗೆ ಅದರಲ್ಲಿ ಗೊಂದಲವೇ ಇಲ್ಲ, ಗೊಂದಲ ನಮ್ಮದು. ಬದಲಿಗೆ ಆಟ ನೋಡಿ, ಚೆನ್ನಾಗಿದೆ ಅನ್ನಿ. ಅವರ ಮಹಾಭಾರತದಲ್ಲಿ ಸೆಮಾರ್ ಅಂತ ಒಬ್ಬ ಡೊಳ್ಳುಹೊಟ್ಟೆಯ ಪರಿಚಾರಕ ಬರುತ್ತಾನೆ, ನಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಅವನ ಬಗ್ಗೆ ಕೇಳಿ, ಖುಷಿಯಾಗಿ ಗಂಟೆಗಟ್ಟಲೆ ಹೇಳುತ್ತಾರೆ.

ಬೊರೊಬುದೂರ್ ಸ್ತೂಪಕ್ಕೂ ಹೋಗುವವರಿದ್ದರೆ ಮೇಲೆ ಹತ್ತುವ ಟಿಕೆಟ್ಟು ಮೊದಲೇ ಮಾಡಿಸಿ. ದಿನಕ್ಕೆ ಇಂತಿಷ್ಟೇ ಜನರಿಗೆ ಬಿಡುತ್ತಾರೆ. ಕಲ್ಲು ಸವೆಯದ ಹಾಗೆ ಅವರೇ ಕೊಡುವ ಚಪ್ಪಲಿ ಹಾಕಿಕೊಂಡು, ಗೈಡ್ ಜೊತೆಯಲ್ಲೇ ಹತ್ತಬೇಕು.

• ಮಗುವಿನ ತಲೆ ಸವರಬೇಡಿ. ನಮ್ಮಲ್ಲಿ ಅದು ಆಶೀರ್ವಾದ. ಅಲ್ಲಿ, ಅದರಲ್ಲೂ ಬಾಲಿಯಲ್ಲಿ, ತಲೆ ದೇಹದ ಪವಿತ್ರ ಭಾಗ, ಪರಕೀಯರು ಮುಟ್ಟುವಂಥದ್ದಲ್ಲ. ಅವರಲ್ಲಿ ಚಿಕ್ಕವರು ಹಿರಿಯರ ಕಾಲಿಗೆ ಬೀಳುವ ಬದಲು ಅವರ ಕೈ ಹಿಡಿದು ಹಣೆಗೋ ಮೂಗಿಗೋ ಒತ್ತಿಕೊಳ್ಳುತ್ತಾರೆ. ಜಕಾರ್ತಾದಲ್ಲಿ ಸಹೋದ್ಯೋಗಿಗಳ ಮನೆಗೆ ಹೋದಾಗ ಮಕ್ಕಳು ಬಂದು ನಿಮ್ಮ ಕೈ ಹಿಡಿಯುತ್ತಾರೆ. ಗಾಬರಿಯಾಗಿ ಎಳೆದುಕೊಳ್ಳಬೇಡಿ, ಸುಮ್ಮನೆ ಕೊಡಿ. ಅಂಗಾಲು ಯಾರ ಕಡೆಗೂ ತೋರಿಸಬಾರದು ಅನ್ನುವುದು ನಿಮಗೆ ಹೇಳಬೇಕಿಲ್ಲ.

• ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು. ಇದು ನಮ್ಮಂತೆಯೇ. ಆದರೆ ಬೆಂಗಳೂರಿನ ಆಫೀಸುಗಳಲ್ಲಿ ನಾವು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಅವರು ಬಿಟ್ಟಿಲ್ಲ. ತೋರುಬೆರಳಿಂದ ಏನನ್ನೂ ತೋರಿಸಬೇಡಿ. ಜಾವಾದವರು ನಾಲ್ಕು ಬೆರಳು ಮಡಿಚಿ ಬಲಗೈ ಹೆಬ್ಬೆರಳನ್ನು ಚಾಚಿ ದಾರಿ ತೋರಿಸುತ್ತಾರೆ, ನೋಡಲು ಬಹಳ ಚೆಂದ. ಸೊಂಟದ ಮೇಲೆ ಕೈ ಇಟ್ಟು ನಿಂತರೆ ಜಗಳಕ್ಕೆ ನಿಂತ ಹಾಗೆ. ಅಳಿಯಂದಿರಿಗೆ ಆ ಅಭ್ಯಾಸ ಇದೆ, ಮದುವೆಯ ಫೋಟೊದಲ್ಲಿ ನೋಡಿದ್ದೇನೆ. ಹಿರಿಯರು ಕೂತಿರುವ ಕಡೆ ದಾಟಬೇಕಾದರೆ ಸ್ವಲ್ಪ ಬಾಗಿ, ಬಲಗೈಯನ್ನು ಮುಂದಕ್ಕೆ ಕೆಳಗೆ ಚಾಚಿ, "ಪರ್ಮಿಸಿ" ಅಂದು ಹೋಗಿ.

• ಹೆಂಗಸರಿಗೆ ಅಳಿಯಂದಿರು ತಾವಾಗಿ ಕೈ ಚಾಚಬಾರದು. ಅವರು ಚಾಚಿದರೆ ಹಗುರವಾಗಿ ಮುಟ್ಟಿ, ಬಲಗೈಯನ್ನು ಎದೆಗೆ ತಂದುಕೊಳ್ಳಿ. ಗಂಡಸರಿಗೂ ಬಿಗಿಯಾಗಿ ಕೈ ಕುಲುಕುವುದು ಬೇಡ. ಇನ್ನೊಂದು ಮಾತು, ದೊಡ್ಡಪ್ಪ ಹೇಳುವಂಥದ್ದಲ್ಲ: ಕೈ ಹಿಡಿದು ನಡೆದರೆ ಯಾರೂ ಏನೂ ಅನ್ನುವುದಿಲ್ಲ, ಅದಕ್ಕಿಂತ ಹೆಚ್ಚಿನದಕ್ಕೆ ಹೋಟೆಲ್ ರೂಮು ಇದೆ.

• ಬರೀ ಹೆಸರು ಹಿಡಿದು ಕರೆಯಬೇಡಿ. ಗಂಡಸರಿಗೆ ಪಾಕ್, ಹೆಂಗಸರಿಗೆ ಬು. ಕಿರಿಯರಿಗೆ, ಜಾವಾದಲ್ಲಿ, ಮಾಸ್ ಮತ್ತು ಎಂಬಾಕ್. ಬಾಲಿಯಲ್ಲಿ ಬ್ಲಿ, ಎಂಬೊಕ್. ನಾವು ಆಟೊದವರಿಗೆ ಅಣ್ಣ, ತರಕಾರಿಯವಳಿಗೆ ಅಕ್ಕ ಅನ್ನುವುದಿಲ್ಲವೆ, ಅದೇ. ನಿಮ್ಮ ಮೇಲಧಿಕಾರಿಗೆ ಇರುವುದು ಒಂದೇ ಹೆಸರಾಗಿದ್ದರೆ ಮನೆತನದ ಹೆಸರು ಕೇಳಿ ಮುಜುಗರ ಮಾಡಬೇಡಿ, ಅವರ ಮೊದಲ ಇಬ್ಬರು ರಾಷ್ಟ್ರಾಧ್ಯಕ್ಷರ ಹೆಸರೂ ಬರೀ ಸುಕಾರ್ನೊ, ಸುಹಾರ್ತೊ. ಬಾಲಿಯಲ್ಲಿ ಸಿಗುವ ಡ್ರೈವರುಗಳೆಲ್ಲ ವಾಯಾನ್, ಮಾದೆ, ನ್ಯೋಮಾನ್, ಕೆತುತ್ ಆಗಿರುತ್ತಾರೆ. ಮೊದಲನೆಯ ಮಗು, ಎರಡನೆಯ ಮಗು ಅಂತ ಹುಟ್ಟಿದ ಸರದಿಯಲ್ಲಿ ಇಡುವ ಹೆಸರುಗಳು ಅವು. ಐದನೆಯದಕ್ಕೆ ಮತ್ತೆ ವಾಯಾನ್.

• ದನಿ ಇಳಿಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಹೆಬ್ಬಾಳದ ಫ್ಲೈಓವರಿನಲ್ಲಿ ದಿನಾ ಹಾರ್ನ್ ಒತ್ತಿ, ಕಿಟಕಿ ಇಳಿಸಿ ಬೈದು ನಮಗೆ ಅಭ್ಯಾಸವಾಗಿದೆ. ಜಕಾರ್ತಾದ ಟ್ರಾಫಿಕ್ ಹೆಬ್ಬಾಳವನ್ನು ನಾಚಿಸುತ್ತದೆ, ಆದರೂ ಅಲ್ಲಿ ಕಿರಿಚುವವರು ಕಡಿಮೆ. ನಾಲ್ಕು ಜನರ ಎದುರು ಒಬ್ಬನನ್ನು ಗದರಿಸಿದರೆ ಅವನ ಮಾನ ಹೋಯಿತು, ಗದರಿಸಿದವನ ಮಾನ ಅದಕ್ಕಿಂತ ಮೊದಲೇ ಹೋಗಿರುತ್ತದೆ. ಆಮೇಲೆ ನಿಮ್ಮ ಯಾವ ಕೆಲಸವೂ ಆಗುವುದಿಲ್ಲ, ಯಾಕೆ ಆಗಲಿಲ್ಲ ಅಂತ ಯಾರೂ ಹೇಳುವುದೂ ಇಲ್ಲ. ಅಳಿಯಂದಿರು ತಂಡ ನಡೆಸಲು ಹೋಗುತ್ತಿದ್ದೀರಿ. ತಪ್ಪಾದರೆ ಪಕ್ಕಕ್ಕೆ ಕರೆದು, ಮೊದಲು ಮನೆಮಂದಿಯ ಯೋಗಕ್ಷೇಮ ವಿಚಾರಿಸಿ, ಆಮೇಲೆ ವಿಷಯಕ್ಕೆ ಬನ್ನಿ. ಮುಖಕ್ಕೆ ಹೊಡೆದ ಹಾಗೆ "ಆಗಲ್ಲ" ಅನ್ನುವುದು ಅವರ ಜಾಯಮಾನವಲ್ಲ. "ನೋಡೋಣ", "ಪ್ರಯತ್ನ ಮಾಡುತ್ತೇವೆ", ಒಂದು ನಗು, ಸ್ವಲ್ಪ ಮೌನ. ಇದರಲ್ಲಿ ಯಾವುದು ಹೌದು, ಯಾವುದು ಇಲ್ಲ ಅಂತ ತಿಳಿಯಲು ಕೆಲವು ತಿಂಗಳು ಬೇಕು. "ಆಗುತ್ತದಾ ಇಲ್ಲವಾ?" ಅಂತ ಕೇಳುವ ಬದಲು "ಯಾವತ್ತಿಗೆ, ಏನೇನು ತೊಡಕು?" ಅಂತ ಕೇಳಿದರೆ ನಿಜ ಸಿಗುತ್ತದೆ.

• ನಮ್ಮ ತಲೆಯಾಡಿಸುವಿಕೆ ಅವರಿಗೆ ಅರ್ಥವಾಗುವುದಿಲ್ಲ. ಬಾಯಿಬಿಟ್ಟು ಹೇಳಿ. ಇಂಡಿಯಾದವರು ಅಂದ ಕೂಡಲೇ "ಶಾರುಖ್ ಖಾನ್!" ಅನ್ನುತ್ತಾರೆ, "ಅಚ್ಛಾ ಅಚ್ಛಾ" ಅಂತ ಕತ್ತು ಕುಣಿಸಿ ತೋರಿಸುತ್ತಾರೆ. ಸಿಟ್ಟಾಗಬೇಡಿ. ನಾವು ಕನ್ನಡದವರು, ನಮ್ಮದು ಬೇರೆ ಭಾಷೆ, ಬೇರೆ ಸಿನಿಮಾ ಅಂತ ವಿವರಿಸಲು ಹೋಗಿ ನಾನು ಸೋತು ಬಿಟ್ಟಿದ್ದೇನೆ. ನಿಮಗೆ ತಾಳ್ಮೆ ಇದ್ದರೆ ನೋಡಿ.

• "ಎಲ್ಲಿಗೆ ಹೊರಟಿರಿ?", "ಊಟ ಆಯಿತಾ?", "ಮಕ್ಕಳೆಷ್ಟು?" ಅಂತ ಗುರುತಿಲ್ಲದವರೂ ಕೇಳುತ್ತಾರೆ. ಯಲಹಂಕದ ಹಳೇ ಊರಿನಲ್ಲಿ ನಿಮ್ಮಜ್ಜಿ ಕೇಳುತ್ತಿದ್ದದ್ದೂ ಇದನ್ನೇ. ಮುಖ ಗಂಟಿಕ್ಕಬೇಡಿ. ಮಕ್ಕಳ ಪ್ರಶ್ನೆಗೆ "ಇನ್ನೂ ಇಲ್ಲ" ಅನ್ನಿ ಸಾಕು, ನಿಮ್ಮ ಯೋಜನೆ ವಿವರಿಸಬೇಕಿಲ್ಲ.

• ಊಟ. ನಮ್ಮ ಮನೆಯ ಸಸ್ಯಾಹಾರಿಗಳು ಬಹಳ ಹುಷಾರಾಗಿರಬೇಕಾದ ಜಾಗ. "ಮಾಂಸ ಬೇಡ" ಅಂದರೆ ಕೋಳಿ ಬರುತ್ತದೆ, ಏಕೆಂದರೆ ಅವರ ಲೆಕ್ಕದಲ್ಲಿ ದಾಗಿಂಗ್ ಅಂದರೆ ದನ, ಕುರಿಯದ್ದು. ಒಂದೊಂದನ್ನೂ ಬಿಡಿಸಿ ಹೇಳಿ: ತಾನ್ಪಾ ದಾಗಿಂಗ್, ತಾನ್ಪಾ ಆಯಾಮ್, ತಾನ್ಪಾ ಇಕಾನ್, ತಾನ್ಪಾ ಉದಾಂಗ್, ತಾನ್ಪಾ ತೆಲುರ್. ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ಇಲ್ಲದೆ ಅಂತ. ಇಷ್ಟಕ್ಕೂ ಮುಗಿಯಲಿಲ್ಲ. ಅಸಲಿ ಕಳ್ಳ ತೆರಾಸಿ, ಸಿಗಡಿಯನ್ನು ಹುದುಗಿಸಿ ಮಾಡಿದ ಕಪ್ಪು ಉಂಡೆ. ಅವರ ಸಾಂಬಾಲ್ ಅನ್ನುವ ಖಾರದ ಚಟ್ನಿಯಲ್ಲಿ, ತರಕಾರಿ ಸಾರಿನಲ್ಲಿ, ಗಾದೊ-ಗಾದೊದ ಕಡಲೆಕಾಯಿ ಗೊಜ್ಜಿನಲ್ಲೂ ಅದು ಅಡಗಿರುತ್ತದೆ. "ತಾನ್ಪಾ ತೆರಾಸಿ" ಅನ್ನುವುದನ್ನು ಬಾಯಿಪಾಠ ಮಾಡಿ. ತಟ್ಟೆಯ ಪಕ್ಕ ಹಪ್ಪಳ ಇಟ್ಟರೆ ಅದೂ ಸಿಗಡಿಯದ್ದಾಗಿರಬಹುದು, ಕೇಳಿ ಮುರಿಯಿರಿ.

ಹಾಗಂತ ಎಂಟಿಆರ್ ಪೊಟ್ಟಣ ತುಂಬಿಕೊಂಡು ಹೋಗಿ ರೂಮಿನಲ್ಲಿ ಕೂರಬೇಡಿ. ತೆಂಪೆ ಹುಟ್ಟಿದ ನಾಡು ಅದು. ಸೋಯಾ ಕಾಳನ್ನು ಹುದುಗಿಸಿ ಗಟ್ಟಿ ಮಾಡಿ ಹೋಳು ಹೋಳಾಗಿ ಕರಿಯುತ್ತಾರೆ, ಬಿಸಿಯಾಗಿದ್ದಾಗ ಅದರ ಮುಂದೆ ನಿಮ್ಮ ಪನೀರು ಏನೂ ಅಲ್ಲ. ತಾಹು ಅನ್ನುವ ತೋಫು, ಬಾಳೆಎಲೆಯಲ್ಲಿ ಅನ್ನ, ಬಸಳೆಯಂಥ ನೀರುಸೊಪ್ಪಿನ ಪಲ್ಯ, ಬಾಳೆಹಣ್ಣಿನ ಬಜ್ಜಿ. ನಲ್ಲಿ ನೀರು ಕುಡಿಯಬೇಡಿ.

• ಯಾರ ಮನೆಗಾದರೂ ಹೋದರೆ ಚಪ್ಪಲಿ ಹೊರಗೆ. ಕಾಫಿ, ತಿಂಡಿ ಮುಂದಿಟ್ಟರೂ "ಸಿಲಾಕಾನ್" ಅನ್ನುವವರೆಗೆ ಮುಟ್ಟಬಾರದು. ಅಂದ ಮೇಲೆ ಒಂದು ಗುಟುಕಾದರೂ ಕುಡಿಯಲೇಬೇಕು, ಪೂರ್ತಿ ಬೇಡ ಅನ್ನುವುದು ಅವಮಾನ. ಇಲ್ಲಿಂದ ಮೈಸೂರು ಪಾಕ್ ಒಯ್ಯಿರಿ. ಊರಿಗೆ ಹೋದವರು ಏನಾದರೂ ತರಲೇಬೇಕು ಅನ್ನುವ ಪದ್ಧತಿ ಅವರಲ್ಲಿ ಬಲವಾಗಿದೆ, ಆಫೀಸಿನವರಿಗೂ ಒಂದು ಡಬ್ಬ ಇರಲಿ. ನೀವು ಕೊಟ್ಟ ಉಡುಗೊರೆಯನ್ನು ಅವರು ನಿಮ್ಮ ಎದುರಿಗೆ ಬಿಚ್ಚದೆ ಪಕ್ಕಕ್ಕೆ ಇಟ್ಟರೆ ಅದು ಮರ್ಯಾದೆ, ತಾತ್ಸಾರ ಅಂದುಕೊಳ್ಳಬೇಡಿ.

• ಆರ್.ಟಿ. ನಗರದಲ್ಲಿ ಬೆಳೆದವಳಿಗೆ ರಂಜಾನ್ ಬಗ್ಗೆ ಹೇಳುವುದೇನಿದೆ? ಹಗಲು ಉಪವಾಸದವರ ಎದುರು ತಿನ್ನಬೇಡಿ, ಅಷ್ಟೇ. ಹಬ್ಬದ ವಾರ ಜಕಾರ್ತಾದವರೆಲ್ಲ ತಂತಮ್ಮ ಊರಿಗೆ ಹೊರಟುಬಿಡುತ್ತಾರೆ. ರೈಲು, ವಿಮಾನ, ಹೆದ್ದಾರಿ ಯಾವುದರಲ್ಲೂ ಜಾಗ ಇರುವುದಿಲ್ಲ, ಆ ವಾರ ಎಲ್ಲಿಗೂ ಹೊರಡಬೇಡಿ.

• ಬಾಲಿಯ ನ್ಯೆಪಿ ಯಾವಾಗ ಬರುತ್ತದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಬೇಕು. ಅದು ಅವರ ಶಕ ವರ್ಷದ ಮೊದಲ ದಿನ. ನಮ್ಮ ಯುಗಾದಿಯೂ ಅದೇ ಶಕದ್ದು, ಅವರ ಎಣಿಕೆಯೂ ನಮ್ಮ ಪಂಚಾಂಗದ ಶಾಲಿವಾಹನ ಶಕದ ಎಣಿಕೆಯೂ ಒಂದೇ. 2023ರಲ್ಲಿ ಎರಡೂ ಮಾರ್ಚ್ 22ಕ್ಕೆ ಬಂದವು, 2026ರಲ್ಲಿ ಮಾರ್ಚ್ 19ಕ್ಕೆ. ಆದರೆ 2024ರಲ್ಲಿ ಅವರದ್ದು ನಮಗಿಂತ ಸುಮಾರು ಒಂದು ತಿಂಗಳು ಮೊದಲೇ ಆಗಿಹೋಯಿತು. ಹಾಗಾದರೆ ಹೋಳಿಗೆ, ಹೊಸ ಬಟ್ಟೆ, ಓಡಾಟ ಅಂದುಕೊಂಡಿರೋ, ಕೆಟ್ಟಿರಿ. ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ಇಡೀ ದ್ವೀಪ ಮೌನ. ಬೆಂಕಿ ಇಲ್ಲ, ದೀಪ ಇಲ್ಲ, ಕೆಲಸ ಇಲ್ಲ, ಪ್ರಯಾಣ ಇಲ್ಲ. ವಿಮಾನ ನಿಲ್ದಾಣವೇ ಮುಚ್ಚುತ್ತದೆ, ಮೊಬೈಲಿನ ಇಂಟರ್ನೆಟ್ಟೂ ನಿಲ್ಲುತ್ತದೆ. ಪ್ರವಾಸಿಗರೂ ಹೋಟೆಲಿನ ಆವರಣ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಪೆಚಾಲಾಂಗ್ ಅನ್ನುವ ಊರಿನ ಕಾವಲುಗಾರರು ಸುತ್ತುತ್ತಿರುತ್ತಾರೆ. ಹಿಂದಿನ ಸಂಜೆ ಬೀದಿಬೀದಿಯಲ್ಲಿ ಭಾರಿ ರಾಕ್ಷಸ ಬೊಂಬೆಗಳ ಮೆರವಣಿಗೆ, ಓಗೊ-ಓಗೊ, ಅದನ್ನು ತಪ್ಪಿಸಿಕೊಳ್ಳಬೇಡಿ.

• ಬಾಲಿಯಲ್ಲಿ 2024ರ ಫೆಬ್ರವರಿಯಿಂದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ. ಸೊನ್ನೆ ನೋಡಿ ಎದೆ ಒಡೆದುಕೊಳ್ಳಬೇಡಿ, ಒಂದು ಲಕ್ಷ ಅಂದರೆ ನಮ್ಮ ಐನೂರು ಚಿಲ್ಲರೆ. ಇನ್ನು ಚೌಕಾಸಿ. ಯಶವಂತಪುರದ ಮಾರುಕಟ್ಟೆಯಲ್ಲಿ ಗಂಟಲು ಹರಿದುಕೊಂಡರೆ ಬೆಲೆ ಇಳಿಯಬಹುದು, ಅಲ್ಲಿ ನಕ್ಕರೆ ಇಳಿಯುತ್ತದೆ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಕೊಳ್ಳದೆ ಎದ್ದು ಬರಬಾರದು. ಹತ್ತು ಸಾವಿರ ರುಪಿಯಾಕ್ಕೆ ಅರ್ಧ ಗಂಟೆ ಜಗ್ಗಾಡುವವರು ಎಷ್ಟು ಉಳಿಸಿದೆ ಅಂತ ಒಮ್ಮೆ ರೂಪಾಯಿಯಲ್ಲಿ ಲೆಕ್ಕ ಹಾಕಿ ನೋಡಲಿ.

• ಮಾದಕ ವಸ್ತು: ಮರಣದಂಡನೆಯವರೆಗೆ ಶಿಕ್ಷೆ ಇದೆ. ಬೇರೆಯವರ ಬ್ಯಾಗು, ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ.

• ಬಾಡಿಗೆ ಸ್ಕೂಟರು ಬೇಡ. ಬೇಕೇ ಬೇಕು ಅಂದರೆ ಯಲಹಂಕ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಹೆಲ್ಮೆಟ್ ಹಾಕಿ. ಅಲ್ಲೂ ಎಡಗಡೆಯೇ ಓಡಿಸುವುದು, ಅದೇ ಧೈರ್ಯದ ಮೇಲೆ ನಮ್ಮ ಹುಡುಗರು ಕೈಕಾಲು ಮುರಿದುಕೊಂಡು ಬರುತ್ತಾರೆ.

• ಪಪುವಾ ಕಡೆಯ ಸಹೋದ್ಯೋಗಿ ಸಿಕ್ಕರೆ ಅಲ್ಲಿನ ರಾಜಕೀಯ ಎತ್ತಬೇಡಿ. ಜಾವಾದವರ ಹತ್ತಿರ 1965ರಲ್ಲಿ ಕಮ್ಯುನಿಸ್ಟರು ಅಂತ ಜನರನ್ನು ಕೊಂದ ಮಾತೂ ಹಾಗೆಯೇ, ಅವರೇ ತೆಗೆದರೆ ಕೇಳಿಸಿಕೊಳ್ಳಿ. ಪಪುವಾದವರ ಹತ್ತಿರ ಮಾತಿಗೆ ಒಳ್ಳೆಯ ವಿಷಯ ಅಡಿಕೆ. ಅವರು ಹಸಿ ಅಡಿಕೆಯನ್ನು ಸುಣ್ಣದ ಜೊತೆ ಜಗಿಯುತ್ತಾರೆ. ವೀಳ್ಯದೆಲೆಯ ಬದಲು ಆ ಬಳ್ಳಿಯ ಉದ್ದನೆಯ ಕಾಯಿಯನ್ನೇ ಸುಣ್ಣಕ್ಕೆ ಅದ್ದಿ ಕಚ್ಚುತ್ತಾರೆ. ಬಿಯಾಕ್‌ನಲ್ಲಿ ಒಬ್ಬ ಮುದುಕಿ ಕೊಟ್ಟದ್ದನ್ನು ನಾನು ಜಗಿದು ತಲೆ ತಿರುಗಿ ಕೂತೆ. ತೀರ್ಥಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಮಾತ್ರ ಇನ್ನೊಂದು ಕೇಳಿ ಇಸಿದುಕೊಂಡರು. ಅವತ್ತಿನಿಂದ ಅಂಗಡಿಯವರೆಲ್ಲ ಅವರನ್ನೇ ಮಾತಾಡಿಸುತ್ತಿದ್ದರು.

• ಜಕಾರ್ತಾದ ಮದುವೆ, ಸಮಾರಂಭ, ಆಫೀಸಿನ ದೊಡ್ಡ ಸಭೆಗೆ ಕೋಟು-ಟೈ ಬೇಕಿಲ್ಲ. ಉದ್ದ ತೋಳಿನ ಬಾತಿಕ್ ಅಂಗಿ ಅದಕ್ಕೆ ಸಮ. ಅರ್ಧ ತೋಳಿನದ್ದು ಶುಕ್ರವಾರದ ಆಫೀಸಿಗೆ ಸಾಕು, ಸಮಾರಂಭಕ್ಕೆ ಅಲ್ಲ. ಜೋಗ್ಜಾದ ಅರಮನೆಗೆ ಹೋಗುವಾಗ ಮಾತ್ರ ಕತ್ತಿಯಲುಗಿನಂತೆ ಓರೆಯಾಗಿ ಸಾಲುಗಟ್ಟಿದ ಪಾರಂಗ್ ನಮೂನೆಯದು ಬೇಡ, ಅದು ರಾಜಮನೆತನಕ್ಕೆ ಮೀಸಲಾಗಿದ್ದ ಚಿತ್ತಾರ. ಕೊಳ್ಳುವಾಗ ಬಟ್ಟೆಯ ಹಿಂಬದಿ ನೋಡಿ: ಮೇಣ ಹಚ್ಚಿ ಬಣ್ಣ ಅದ್ದಿದ್ದಾದರೆ ಚಿತ್ತಾರ ಎರಡೂ ಕಡೆ ಒಂದೇ ಗಾಢವಾಗಿರುತ್ತದೆ, ಮೆಷಿನ್ನಿನಲ್ಲಿ ಅಚ್ಚು ಹಾಕಿದ್ದಾದರೆ ಹಿಂದೆ ಮಾಸಲು. ನನಗೆ ಏನು ತರಲಿ ಅಂತ ನಿಮ್ಮ ದೊಡ್ಡಮ್ಮನ ಹತ್ತಿರ ಕೇಳಿದಿರಂತೆ. ಅಳತೆ 42, ಉದ್ದ ತೋಳು, ಕಂದು ಬಣ್ಣದ್ದು. ಮೇಣದ್ದೇ ಆಗಬೇಕು, ಹಿಂಬದಿ ನೋಡಿ ತನ್ನಿ.